ಚಂದ್ರಗಿರಿಯ ಬಡಗು ದಡದ ರುಚಿ

ಬೇಕಲ ನೋಡಿ ಮರಳುವ ಪ್ರವಾಸಿಗರಿಗೆ ಕಾಸರಗೋಡೆಂದರೆ ಕೋಟೆ, ಕಡಲು. ಆ ಕೋಟೆ ಕೆಳದಿ ನಾಯಕರದ್ದೆಂಬುದೂ ಹಲವರಿಗೆ ತಿಳಿಯದು. ಚಂದ್ರಗಿರಿ ಹೊಳೆಯ ಬಡಗಿನ ಮಧೂರಿನವಳಾದ ನನಗೆ ಇದು ಸಂಕಟ. ಮಧುವಾಹಿನಿ ಹೊಳೆಯ ದಂಡೆಯಲ್ಲಿರುವ ನಮ್ಮ ಮಹಾಗಣಪತಿಗೆ ಅಪ್ಪವೇ ಮುಖ್ಯ ನೈವೇದ್ಯ. ಮೂಡಪ್ಪ ಸೇವೆಯಲ್ಲಂತೂ ದೇವರನ್ನೇ ಅಪ್ಪದ ರಾಶಿ ಮುಚ್ಚುತ್ತದೆ. ಆ ಅಪ್ಪ ತಿನ್ನದೆ ಜಿಲ್ಲೆ ನೋಡಿದಂತಾಗುವುದೇ? ಆಟಿಯ ಪತ್ರೊಡೆ, ಬಾಳೆಲೆಯಲ್ಲಿ ಬೆಂದ ಹಲಸಿನ ಹಣ್ಣಿನ ಗಟ್ಟಿ, ಮಾಪಿಳ್ಳೆ ಮನೆಗಳ ಕಲ್ಲುಮ್ಮಕಾಯಿ ಎಲ್ಲವೂ ಈ ಮಣ್ಣಿನವೇ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ಅಡುಗೆ ಮಾತ್ರ ಹಾಗೆಯೇ ಉಳಿಯಿತು. ಪ್ರವಾಸೋದ್ಯಮ ಇಲಾಖೆ ಬೇಕಲದಲ್ಲೊಂದು ಕನ್ನಡ, ತುಳು ಅಡುಗೆಯ ಮಳಿಗೆ ತೆರೆದು ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರಿಗೆ ವಹಿಸಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಗೂ ಮಂಜೇಶ್ವರದ ಕವಿ ಗೋವಿಂದ ಪೈಗಳ ಮನೆಗೂ ಅಲ್ಲಿಂದಲೇ ಬಸ್ಸು ಹೊರಡಲಿ.