ಬಚ್ಚಲ ನೀರಿಗೆ ಕಾಬಾಳೆ

ಸೈದಾಪುರದ ಕಡೆ ಬಚ್ಚಲ ನೀರು ಹಿತ್ತಲಲ್ಲಿ ನಿಂತರೆ ಅದರ ಮೇಲೆ ಗರಸು ಸುರಿದು ಸುಮ್ಮನಾಗುವುದುಂಟು. ನೀರು ಪಕ್ಕಕ್ಕೆ ಸರಿಯುವುದೇ ಹೊರತು ಹೋಗುವುದಿಲ್ಲ. ಆನೆಕಾಲು ರೋಗ ಕಾಡಿರುವ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಅದನ್ನು ಹರಡುವ ಕ್ಯುಲೆಕ್ಸ್ ಸೊಳ್ಳೆ ಇಂಥ ಕೊಳೆನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಅದು ಸೊಳ್ಳೆಯಾಗಲು 7ರಿಂದ 10 ದಿನ ಸಾಕು.

ಆ ಜಾಗದಲ್ಲಿ ಕಾಬಾಳೆಯ ಗಡ್ಡೆಗಳನ್ನು ಒಂದೂವರೆ ಅಡಿಗೊಂದರಂತೆ ನೆಡುವುದು ಲೇಸೆಂದು ನಾವು ಭಾವಿಸುತ್ತೇವೆ. ತೇವವನ್ನೇ ಬಯಸುವ ಈ ಬಹುವಾರ್ಷಿಕ ಸಸ್ಯವು ಬೇರಿನಿಂದ ಹೀರಿದ ನೀರನ್ನು ಅಗಲವಾದ ಎಲೆಗಳಿಂದ ಆವಿಯಾಗಿಸುತ್ತದೆ. ಕೆಂಪು, ಹಳದಿ ಹೂಗಳು ಕಣ್ಣಿಗೂ ಹಿತ. ಹೂವೇ ಸೊಳ್ಳೆಯನ್ನು ಓಡಿಸುತ್ತದೆಂದು ಮಾತ್ರ ಯಾರೂ ಭ್ರಮಿಸಬಾರದು! ಗಿಡದ ಬುಡದಲ್ಲಿಯೂ ನೀರು ನಿಂತರೆ ಇಂಗುಗುಂಡಿಯನ್ನು ತೋಡಲೇಬೇಕು. ಕಾಬಾಳೆಯನ್ನು ಅದರ ಸುತ್ತ ನೆಡಬಹುದು. ಹೂ ಮುಗಿದ ದಂಟನ್ನು ಬುಡಕ್ಕೆ ಕೊಯ್ದರೆ ಗಡ್ಡೆಯಿಂದ ಹೊಸ ಚಿಗುರು ಏಳುತ್ತದೆ.