ಮಡಿಲು ಒಂದು, ಮಕ್ಕಳು ಎರಡು



ಒಂದೇ ಮಗುವಿನ ತಾಯಿಗೆ ಮಗುವನ್ನು ಸಾಕುವುದಷ್ಟೇ ಕೆಲಸ. ಎರಡಾದವೋ, ಅದರ ಜೊತೆಗೆ ಜಡ್ಜರ ಕೆಲಸ, ಪೊಲೀಸರ ಕೆಲಸ, ತಕ್ಕಡಿ ಹಿಡಿಯುವ ಅಂಗಡಿಯವರ ಕೆಲಸ ಎಲ್ಲವೂ ತಲೆಗೆ ಬೀಳುತ್ತವೆ, ಅದೂ ಸಂಬಳವಿಲ್ಲದೆ! ಬೆಳಿಗ್ಗೆ ಎರಡು ಲೋಟಕ್ಕೆ ಹಾಲು ಬಗ್ಗಿಸಿಟ್ಟರೆ ಸಾಕು, ವ್ಯಾಜ್ಯ ಶುರು. "ಅವನ ಲೋಟದಲ್ಲಿ ಜಾಸ್ತಿ ಇದೆ." ಸರಿ, ಅದರಿಂದ ಇದಕ್ಕೆ ಒಂದು ಗುಟುಕು. "ಈಗ ಅವಳದ್ದು ಜಾಸ್ತಿ ಆಯ್ತು." ಹೀಗೆ ಅತ್ತಿಂದಿತ್ತ ಸುರಿದೂ ಸುರಿದೂ ಹಾಲು ಆರಿ ಕೆನೆ ಕಟ್ಟುತ್ತದೆ. ಆಗ ಇಬ್ಬರೂ ಒಂದೇ ದನಿಯಲ್ಲಿ, "ಕೆನೆ ಇದೆ, ಬೇಡಾ!" ಒಗ್ಗಟ್ಟು ಅಂದರೆ ಅದು.

ಮಕ್ಕಳು ಬಾಯಿಬಿಟ್ಟು ಕೇಳುವುದು ಹಾಲಿನ ಲೆಕ್ಕ. ಮನಸ್ಸಿನೊಳಗಿನ ಲೆಕ್ಕ ಬೇರೆ. "ಅಮ್ಮನಿಗೆ ನಾನು ಇನ್ನೂ ಬೇಕಾ?" ಎಷ್ಟೋ ಜಗಳಗಳ ತಳದಲ್ಲಿ ಇರುವುದು ಇದೊಂದೇ ಪ್ರಶ್ನೆ. ಅದನ್ನು ಹಾಗೇ ಕೇಳಲು ಪಾಪ, ಅವಕ್ಕೆ ಮಾತು ಬಾರದು. ಆದ್ದರಿಂದ ಲೋಟ, ಚಮಚ, ಬಸ್ಸಿನ ಕಿಟಕಿ ಪಕ್ಕದ ಸೀಟು ಇವುಗಳನ್ನು ಮುಂದೆ ಮಾಡಿಕೊಂಡು ಕೇಳುತ್ತವೆ. ಈ ಸಲ ಅದರ ಬಗ್ಗೆಯೇ ನಾಲ್ಕು ಮಾತು.

ಪಟ್ಟ ಕಳೆದುಕೊಂಡ ರಾಜ

ಮೂರು ವರ್ಷದ ಒಂದು ಹುಡುಗನನ್ನು ನೆನೆಸಿಕೊಳ್ಳಿ. ನಿನ್ನೆಯವರೆಗೆ ಮನೆಯಲ್ಲಿ ಅವನೇ ಪುಟ್ಟ. ಊಟಕ್ಕೆ ಅಮ್ಮನ ಕೈತುತ್ತು, ನಿದ್ದೆಗೆ ಅಮ್ಮನ ಸೆರಗಿನ ತುದಿ. ಒಂದು ದಿನ ಅಮ್ಮ ಆಸ್ಪತ್ರೆಗೆ ಹೋದವಳು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟಿನೊಡನೆ ಬಂದಳು. ಅಷ್ಟೇ, ಬೆಳಗಾಗುವುದರೊಳಗೆ ಅವನು 'ದೊಡ್ಡವನು' ಆಗಿಬಿಟ್ಟ! "ಅಳಬಾರದು, ನೀನೀಗ ಅಣ್ಣ." "ಮೆತ್ತಗೆ ಮಾತಾಡು, ಪಾಪು ಮಲಗಿದೆ." "ನೀನೇ ಕಲಸಿಕೊಂಡು ತಿನ್ನು, ಜಾಣ ಅಲ್ವಾ?" ಬಂದವರೆಲ್ಲ ನೆಟ್ಟಗೆ ತೊಟ್ಟಿಲ ಕಡೆಗೇ ನಡೆಯುತ್ತಾರೆ. ಕುಲಾವಿ, ಸ್ವೆಟರ್, ಬೆಳ್ಳಿ ಲೋಟ ಎಲ್ಲವೂ ಅದಕ್ಕೇ. ಅದು ಮಾಡುವ ಘನಂದಾರಿ ಕೆಲಸವಾದರೂ ಏನು? ಮಲಗುವುದು, ಅಳುವುದು, ಒದ್ದೆ ಮಾಡುವುದು. ಇವನು ಒದ್ದೆ ಮಾಡಿಕೊಂಡರೆ ಬೈಗುಳ, ಅದು ಮಾಡಿದರೆ "ತಾತನಿಗೇ ಅಭಿಷೇಕ ಮಾಡ್ತು ನೋಡಿ!" ಎಂದು ಮನೆಮಂದಿಗೆಲ್ಲ ನಗು. ಇದು ಯಾವ ಸೀಮೆಯ ನ್ಯಾಯ ಎಂದು ಅವನಿಗೆ ಅನಿಸಿದರೆ ಆಶ್ಚರ್ಯವೇ?

ವಿಯೆನ್ನಾದ ವೈದ್ಯ ಆಲ್‌ಫ್ರೆಡ್ ಆಡ್ಲರ್ (1870–1937) ಇಂಥ ಮೊದಲ ಮಗುವನ್ನು ಸಿಂಹಾಸನ ಕಳೆದುಕೊಂಡ ರಾಜನಿಗೆ ಹೋಲಿಸಿದರು. ಆಡ್ಲರ್ ತಾವೇ ತಮ್ಮ ಮನೆಯ ಎರಡನೆಯ ಮಗ. ಅಂದರೆ ಅಣ್ಣನನ್ನು ಕೆಳಗಿಳಿಸಿದ ಪುಣ್ಯಾತ್ಮರೇ ಈ ಮಾತು ಹೇಳಿದ್ದು! ಹುಟ್ಟಿದ ಕ್ರಮದಿಂದಲೇ ಮಗುವಿನ ಸ್ವಭಾವ ನಿಂತುಬಿಡುತ್ತದೆ ಎಂಬುದನ್ನು ಇಂದಿನ ಸಂಶೋಧಕರು ಅಷ್ಟಾಗಿ ಒಪ್ಪುವುದಿಲ್ಲ. ಆದರೆ ಪಟ್ಟ ಹೋದ ಆ ರಾಜನ ಮುಖವನ್ನು ಮಾತ್ರ ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿ ಕಂಡವರೇ.

ರಾಜರು ಆಡುವ ಮಾತುಗಳೋ! "ಅಮ್ಮಾ, ಇದನ್ನ ಯಾವಾಗ ವಾಪಸ್ ಕೊಡೋದು?" ಎನ್ನುವುದು ಮಾಮೂಲು. ನಮ್ಮ ಬೀದಿಯ ಒಬ್ಬ ಮಹಾರಾಯ ಇನ್ನೂ ಮುಂದೆ ಹೋಗಿ, ಗೇಟಿನ ಹತ್ತಿರ ಬಂದ ಹಳೇ ಪೇಪರಿನವನನ್ನು ನಿಲ್ಲಿಸಿ, "ನಮ್ಮನೇಲಿ ಒಂದು ಪಾಪು ಇದೆ, ಕೆ.ಜಿ.ಗೆ ಎಷ್ಟು ಕೊಡ್ತೀರಿ?" ಎಂದು ಕೇಳಿದ್ದ. ಪಾಪು ಮೂರು ಕೆ.ಜಿ. ಇದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಕಿವಿಯಾರೆ ಕೇಳಿಸಿಕೊಂಡಿದ್ದನಲ್ಲ! ಅವನ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು.

ಈ ಕಾಲದಲ್ಲೇ ಇನ್ನೊಂದು ತಮಾಷೆಯೂ ನಡೆಯುತ್ತದೆ. ಚೆನ್ನಾಗಿ ಮಾತಾಡುತ್ತಿದ್ದ ಮಗು ಮತ್ತೆ ತೊದಲುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ತಿಂಗಳುಗಳಾಗಿದ್ದದ್ದು ಮತ್ತೆ ಶುರು. "ನಂಗೂ ತೊಟ್ಟಿಲು ಬೇಕು", "ನಂಗೂ ಒಳ್ಳೆಲಿ ಕುಡಿಸು" ಎಂಬ ಹಟ. ಇದನ್ನು ನೋಡಿ "ಕೋಣನ ಹಾಗೆ ಬೆಳೆದಿದ್ದೀಯ, ನಾಚಿಕೆ ಆಗಲ್ವಾ?" ಎಂದು ಗದರುವವರುಂಟು. ಗದರಬೇಡಿ. ಸಣ್ಣದಾದರೆ ಅಮ್ಮ ಸಿಗುತ್ತಾಳೆ ಎಂಬ ಲೆಕ್ಕ ಅದರದು. ಲೆಕ್ಕ ತಪ್ಪೂ ಅಲ್ಲ. ಒಂದು ಸಲ ತಮಾಷೆಗೆ ತೊಡೆಯ ಮೇಲೆ ಮಲಗಿಸಿಕೊಂಡು ಒಳ್ಳೆಯಲ್ಲಿ ಎರಡು ಗುಟುಕು ನೀರು ಕುಡಿಸಿಬಿಡಿ. ಮೂರನೆಯ ಗುಟುಕಿಗೆ ಅದೇ ಎದ್ದು ಆಟಕ್ಕೆ ಓಡುತ್ತದೆ. ಸಾಮಾನ್ಯವಾಗಿ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಇದೆಲ್ಲ ತಾನಾಗಿ ನಿಲ್ಲುತ್ತದೆ. ಒದ್ದೆ ಮಾಡುವುದು ನಿಲ್ಲದೇ ಹೋದರೆ, ಅಥವಾ ಉರಿ, ಜ್ವರ ಜೊತೆಗಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಪಾಪುವಿನ ಪರವಾಗಿ ಎರಡು ಮಾತು

ಹಾಗಾದರೆ ದೊಡ್ಡದಕ್ಕೆ ಚಿಕ್ಕದರ ಮೇಲೆ ಪ್ರೀತಿ ಹುಟ್ಟಿಸುವುದು ಹೇಗೆ? ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ಇಬ್ಬರು ಹೆಂಗಸರು 40 ಸಂಸಾರಗಳ ಮನೆಗೇ ಹೋಗಿ, ಎರಡನೆಯ ಮಗು ಬಂದ ಮೇಲೆ ಏನೇನಾಗುತ್ತದೆ ಎಂದು ಕೂತು ಗಮನಿಸಿದರು. ಅವರ ಪುಸ್ತಕ 1982ರಲ್ಲಿ ಹೊರಬಂತು. ಅವರು ಕಂಡ ಒಂದು ಸಂಗತಿ ನಮ್ಮ ಅಡುಗೆಮನೆಗೂ ಒಗ್ಗುವಂಥದು. ಮೊದಲ ವಾರಗಳಲ್ಲೇ ತಾಯಿ ದೊಡ್ಡ ಮಗುವಿನೊಡನೆ ಪಾಪುವಿನ ಹಸಿವು, ಬೇಕು-ಬೇಡಗಳ ಬಗ್ಗೆ ಮಾತಾಡುತ್ತಿದ್ದ ಮನೆಗಳಲ್ಲಿ, ಮುಂದೆ ಮಕ್ಕಳಿಬ್ಬರ ಸ್ನೇಹ ಹೆಚ್ಚು ಚೆನ್ನಾಗಿತ್ತಂತೆ.

ಇದಕ್ಕೆ ಖರ್ಚೇನೂ ಇಲ್ಲ. "ಸದ್ದು ಮಾಡಬೇಡ" ಎನ್ನುವ ಬದಲು "ಪಾಪು ಯಾಕೋ ಅಳ್ತಿದೆ, ಹಸಿವೋ ಸೆಕೆಯೋ, ನಿಂಗೇನನ್ಸುತ್ತೆ?" ಎಂದು ಕೇಳಿ ನೋಡಿ. ನಾಲ್ಕು ವರ್ಷದ ಪಂಡಿತೆ ತೊಟ್ಟಿಲೊಳಗೆ ಇಣುಕಿ ಗಂಭೀರವಾಗಿ, "ಅದಕ್ಕೆ ಬೋರ್ ಆಗಿದೆ" ಎಂದು ತೀರ್ಪು ಕೊಟ್ಟಾಳು. ಕೊಡಲಿ. ತನ್ನ ಅಭಿಪ್ರಾಯಕ್ಕೆ ಬೆಲೆಯಿದೆ ಎಂದು ಗೊತ್ತಾದ ಮೇಲೆ ಪಾಪು ಅವಳಿಗೆ ಪ್ರತಿಸ್ಪರ್ಧಿಯಲ್ಲ, ಅವಳ ಕಡೆಯ ರೋಗಿ!

ಆದರೆ ಈ ಪ್ರೀತಿಯ ಮೇಲೆ ಒಂದು ಕಣ್ಣಿರಲಿ. ಮೂರು-ನಾಲ್ಕು ವರ್ಷದ ಮಗುವಿನ ಕೈಯಲ್ಲಿ ಪ್ರೀತಿಯೂ ಹೊಟ್ಟೆಕಿಚ್ಚೂ ಒಟ್ಟಿಗೇ ಇರುತ್ತವೆ. ಅಪ್ಪುಗೆ ಯಾವಾಗ ಹಿಸುಕುವುದಾಗುತ್ತದೋ ಅದಕ್ಕೇ ತಿಳಿಯದು. ಎಳೆಕೂಸಿನ ಜೊತೆ ಅದೊಂದನ್ನೇ ಬಿಟ್ಟು ನೀರು ಹಿಡಿಯಲು ಹೋಗಬೇಡಿ. ಕೂಸಿನ ಮುಂದಲೆಯ ಮೆತ್ತನೆಯ ನೆತ್ತಿ ಕೂಡಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕು. ಇನ್ನು ದಾನಶೂರ ಕರ್ಣರ ಕಾಟ ಬೇರೆ: "ಪಾಪುಗೆ ನಾನೇ ಕಡ್ಲೇಕಾಯಿ ಕೊಟ್ಟೆ!" ಕಡಲೆಬೀಜ, ನಾಣ್ಯ, ಆಟದ ಸಾಮಾನಿನ ಪುಟ್ಟ ಬಿಲ್ಲೆ ಬ್ಯಾಟರಿ ಇವು ಕೂಸಿನ ಪ್ರಾಣಕ್ಕೇ ಬರುವಂಥವು. ಬಿಲ್ಲೆ ಬ್ಯಾಟರಿ ನುಂಗಿತೆಂಬ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಓಡಿ. ಮೊದಲ ಆರು ತಿಂಗಳು ತಾಯಿಹಾಲು ಬಿಟ್ಟು ಬೇರೇನೂ ಬೇಡ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಿಗೆಗೆ ಸವರುವುದೂ ಬೇಡ. ಇದನ್ನು ಹಿರಿಯರಿಗೂ ಮೆಲ್ಲಗೆ ತಿಳಿಸಿ ಹೇಳಿ.

"ಅಮ್ಮಾ, ಅವನು ನನ್ನೇ ನೋಡ್ತಿದಾನೆ!"

ಚಿಕ್ಕದು ನಡೆಯಲು ಕಲಿತ ದಿನದಿಂದ ಕಥೆ ಬದಲಾಗುತ್ತದೆ. ಈಗ ಅದು ಅಣ್ಣನ ಪುಸ್ತಕ ಹರಿಯಬಲ್ಲದು, ಅಕ್ಕನ ಜಡೆ ಜಗ್ಗಬಲ್ಲದು. ಆಮೇಲೆ ಬರುವ ದೂರುಗಳಿಗೆ ಕಾರಣವೇ ಬೇಕಾಗಿಲ್ಲ. "ಅಮ್ಮಾ, ಅವನು ನನ್ನೇ ನೋಡ್ತಿದಾನೆ!" ಇದಕ್ಕೆ ಯಾವ ಕಾಯಿದೆಯಲ್ಲಿ ಶಿಕ್ಷೆಯಿದೆ, ನೀವೇ ಹೇಳಿ.

ಎಲ್ಲ ಜಗಳಕ್ಕೂ ಒಲೆ ಬಿಟ್ಟು ಓಡಿ ಬರಬೇಕಾಗಿಲ್ಲ. ಹೊಡೆದಾಟ, ಕಚ್ಚಾಟಕ್ಕೆ ತಿರುಗಿದರೆ ಮಾತ್ರ ಇಬ್ಬರನ್ನೂ ಬೇರೆ ಮಾಡಿ. "ಯಾರು ಮೊದಲು ಶುರು ಮಾಡಿದ್ದು?" ಎಂದು ವಿಚಾರಣೆಗೆ ಕೂತರೆ ಸಂಜೆಯವರೆಗೂ ಸಾಕ್ಷಿಗಳು ಮುಗಿಯುವುದಿಲ್ಲ. ಕೋಡುಬಳೆಯೋ ಒಬ್ಬಟ್ಟೋ ಹಂಚುವಾಗ ಒಂದು ಹಳೆಯ ಉಪಾಯವಿದೆ: ಒಬ್ಬರು ಮುರಿಯಬೇಕು, ಇನ್ನೊಬ್ಬರು ಮೊದಲು ಆರಿಸಿಕೊಳ್ಳಬೇಕು. ಮುರಿಯುವವರು ಅಕ್ಕಸಾಲಿಗರಷ್ಟು ನಾಜೂಕಾಗಿ ಮುರಿಯುವುದನ್ನು ನೋಡುವುದೇ ಒಂದು ಚೆಂದ. ಎರಡು ವರ್ಷದ್ದಕ್ಕೆ 'ಹಂಚಿಕೊಳ್ಳುವುದು' ಎಂದರೆ ಇನ್ನೂ ಅರ್ಥವಾಗದು. ಆದ್ದರಿಂದ ಪ್ರತಿಯೊಬ್ಬರಿಗೂ ತನ್ನದೇ ಎಂಬ ಒಂದೊಂದು ಡಬ್ಬಿ ಇರಲಿ. ಅದರಲ್ಲಿರುವುದನ್ನು ಕೊಡು ಎಂದು ಯಾರೂ ಬಲವಂತ ಮಾಡಬಾರದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಉಣ್ಣುವ ತನಕವೂ ಇರುವುದಿಲ್ಲ. ಹತ್ತು ಗಂಟೆಗೆ ಟೂ ಬಿಟ್ಟವರು ಹತ್ತೂಕಾಲಿಗೆ ಮಂಚದ ಕೆಳಗೆ ಅಂಗಡಿ ಆಟ ಹೂಡಿರುತ್ತಾರೆ.

ಒಂದು ಮಾತು ಮಾತ್ರ ಬೇಡವೇ ಬೇಡ. "ತಂಗಿಯನ್ನ ನೋಡಿ ಕಲಿ", "ಅಣ್ಣನ ಕಾಲಧೂಳಿಗೂ ನೀನು ಸಮ ಇಲ್ಲ" ಎಂಬ ಹೋಲಿಕೆ. 'ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು' ಎಂಬ ಗಾದೆಯನ್ನು ನಾವು ಹೊಲ ಮನೆ ಪಾಲಿನ ಲೆಕ್ಕದಲ್ಲಿ ಹೇಳುತ್ತೇವೆ. ಆ ಬೀಜ ಎಷ್ಟೋ ವೇಳೆ ಬಿದ್ದಿರುವುದು ಹೊಲದಲ್ಲಲ್ಲ, ಊಟದ ತಟ್ಟೆಯ ಮುಂದೆ.

ಮೊದಲನೆಯದು ಹೆಣ್ಣಾದರೆ

ಇಲ್ಲಿ ಸ್ವಲ್ಪ ನಿಲ್ಲಿ. ಮೊದಲನೆಯದು ಗಂಡಾದರೆ ಅವನಿಗೆ ಹೋಗುವುದು ಪಟ್ಟ ಮಾತ್ರ. ಹೆಣ್ಣಾದರೆ ಪಟ್ಟವೂ ಹೋಗಿ ಚಾಕರಿಯೂ ಬರುತ್ತದೆ. "ಪುಟ್ಟೀ, ತೊಟ್ಟಿಲು ತೂಗು", "ಪುಟ್ಟೀ, ಒಣಗಿದ ಬಟ್ಟೆ ತಾ", "ಪುಟ್ಟೀ, ತಮ್ಮನ್ನ ಸ್ವಲ್ಪ ಎತ್ಕೊ." ತಾನೇ ಎತ್ತಿಸಿಕೊಳ್ಳುವ ವಯಸ್ಸಿನವಳು ಸೊಂಟ ಓರೆ ಮಾಡಿಕೊಂಡು ತಮ್ಮನನ್ನು ಹೊತ್ತು ನಿಂತಿರುವುದು ಎಷ್ಟು ಮನೆಗಳಲ್ಲಿಲ್ಲ! ನೆಂಟರು "ಎಷ್ಟು ಜವಾಬ್ದಾರಿ ನೋಡಿ ಹುಡುಗಿಗೆ" ಎಂದು ಹೊಗಳುತ್ತಾರೆ. ಅವಳ ಕಣ್ಣು ಮಾತ್ರ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿರುವವರ ಮೇಲೆ.

ಸಹಾಯ ಮಾಡಿಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಅದು ಅವಳು ಖುಷಿಯಿಂದ ಮಾಡುವಷ್ಟೇ ಇರಲಿ. ಆಟದ ಹೊತ್ತನ್ನೂ ಓದಿನ ಹೊತ್ತನ್ನೂ ಕೂಸಿಗಾಗಿ ಕೇಳಬೇಡಿ. ಆ ಹೊತ್ತಿನಲ್ಲಿ ಕೂಸನ್ನು ಅದರ ಅಪ್ಪನ ಕೈಗೆ ಕೊಡಿ. ಗಂಡಸರ ಕೈಯಲ್ಲಿ ಕೂಸು ಅಳುತ್ತದೆ ಎಂಬುದು ಗಂಡಸರೇ ಹುಟ್ಟಿಸಿದ ಮಾತು!

ಯಾರೂ ಹೇಳಿಕೊಡದ ಪಾಠ

ಇಷ್ಟೆಲ್ಲ ಹೇಳಿದ ಮೇಲೂ, ಒಡಹುಟ್ಟಿದವರ ಪ್ರೀತಿಯ ಬಹುಪಾಲು ನಾವು ನೋಡದೇ ಇದ್ದಾಗ ಬೆಳೆಯುವಂಥದು. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಕೊಟ್ಟ ಲಾಡು, ಅರ್ಧ ತಿಂದು ಅರ್ಧ ಜೇಬಿನಲ್ಲಿ ಪುಡಿಯಾಗಿ, ನಾಲ್ಕು ಇರುವೆಗಳ ಸಮೇತ ಮನೆಗೆ ಬರುತ್ತದೆ: "ತಮ್ಮಂಗೆ." ಬೆಳಿಗ್ಗೆ ತಾನೇ ಅದೇ ತಮ್ಮನನ್ನು ಮಾರಲು ಹೊರಟಿದ್ದವನು, ಸಂಜೆ ಅಪ್ಪ ಗದರಿದಾಗ ನಡುವೆ ಬಂದು ನಿಂತು, "ಅವನಿಗೆ ಯಾಕೆ ಬೈತೀರಾ? ಅವನು ಸಣ್ಣೋನು!" ಎನ್ನುತ್ತಾನೆ. ತಾನು ಬೇಕಾದರೆ ಹೊಡೆಯಬಹುದು, ಬೇರೆಯವರು ಮುಟ್ಟಕೂಡದು. ಇದು ಅವರ ಸಂವಿಧಾನ.

ನಮ್ಮ ಹಿರಿಯರು ಇದಕ್ಕೆಂದೇ ಹಬ್ಬಗಳನ್ನಿಟ್ಟರು. ಹಳೇ ಮೈಸೂರಿನ ಕಡೆ ಭೀಮನ ಅಮಾವಾಸ್ಯೆಯ ದಿನ, ಒಳಗೆ ನಾಣ್ಯವಿಟ್ಟ ಕಡುಬನ್ನು ಹೊಸ್ತಿಲ ಮೇಲಿಟ್ಟು ಮನೆಯ ಹುಡುಗ ಮೊಣಕೈಯಿಂದ ಗುದ್ದಿ ಭಂಡಾರ ಒಡೆಯುತ್ತಾನೆ. ಐದು ದಿನ ಕಳೆದರೆ ನಾಗರಪಂಚಮಿ. ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹಾಲು ತುಪ್ಪ ಹಚ್ಚಿ ಬೆನ್ನು ತಂಪಾಗಿರಲಿ ಎಂದು ಹರಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವ ವಾಡಿಕೆ. ಅಪ್ಪ ಅಮ್ಮನ ಕಾಲ ಮುಗಿದ ಮೇಲೂ ಬಾಗಿಲಿಗೆ ಬಂದು "ಹೋಗೋಣ ಬಾ" ಎನ್ನುವವನು, ಇಂದು ಕಿಟಕಿ ಸೀಟಿಗೆ ಅವಳ ಜೊತೆ ಕಾದಾಡುತ್ತಿರುವ ಇದೇ ಹುಡುಗ!

ಅದಕ್ಕೇ, ಸೋದರಿ, ಮುಂದಿನ ಸಂಚಿಕೆ ಕೈಗೆ ಬರುವವರೆಗೆ, ಈ ಹದಿನೈದು ದಿನ ಎರಡು ಕೆಲಸ ಮಾಡಿ ನೋಡಿ. "ನೀನು ದೊಡ್ಡವನು, ನೀನು ದೊಡ್ಡವಳು" ಎಂಬ ಮಾತನ್ನು ಬಾಯಿಂದ ತೆಗೆಯಬೇಡಿ. ದಿನಕ್ಕೊಮ್ಮೆ, ಕಾಲು ಗಂಟೆಯಾದರೂ ಸರಿ, ಚಿಕ್ಕದನ್ನು ಬೇರೆಯವರಿಗೆ ಒಪ್ಪಿಸಿ ದೊಡ್ಡದನ್ನು ಮಡಿಲಿಗೆ ಎಳೆದುಕೊಳ್ಳಿ. ಕಥೆ ಹೇಳಬೇಕಾಗಿಲ್ಲ, ಪಾಠ ಬೇಡ, ಬುದ್ಧಿಮಾತಂತೂ ಬೇಡವೇ ಬೇಡ. ಸುಮ್ಮನೆ ತಲೆ ನೇವರಿಸುತ್ತಾ ಕೂತಿರಿ. ಉದ್ದನೆಯ ಕಾಲು ಮಡಿಲಿನಿಂದ ಹೊರಗೆ ಚಾಚಿಕೊಂಡೀತು. ಚಾಚಲಿ ಬಿಡಿ, ಇನ್ನೆರಡು ವರ್ಷ ಕಳೆದರೆ ನೀವು ಕರೆದರೂ ಅದು ಮಡಿಲಿಗೆ ಬರುವುದಿಲ್ಲ.