ಮೊದಲು ನಮ್ಮ ಮನೆಯಲ್ಲಿ

ನಿಮ್ಮ ಹತ್ತಿರ ಒಂದು ವಿಷಯ ಹೇಳಿಕೊಳ್ಳಬೇಕು. ನಮ್ಮ ಬೀದಿಯ ಹೆಂಗಸರ ಉಳಿತಾಯ ಸಂಘದ ಹಣ ಇರುವುದು ನನ್ನ ಬೀರುವಿನಲ್ಲಿ. ಹೋದ ತಿಂಗಳು ಗ್ಯಾಸ್ ಬಂದಾಗ ಕೈಯಲ್ಲಿ ಕಾಸಿರಲಿಲ್ಲ. ಸಂಘದ ಡಬ್ಬಿಯಿಂದ 900 ರೂಪಾಯಿ ತೆಗೆದೆ. ಮೂರನೇ ದಿನ ವಾಪಸು ಇಟ್ಟೆ. ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ಸಭೆಗೆ ಒಬ್ಬಾಕೆ ಕಂತನ್ನು ತಡವಾಗಿ ತಂದಳು. ನಿಯಮದಂತೆ 10 ರೂಪಾಯಿ ದಂಡ. "ಎರಡೇ ದಿನ ತಾನೇ, ಅಕ್ಕಾ?" ಅಂದಳು. ದಂಡ ಕೇಳಲು ನನಗೆ ನಾಲಗೆಯೇ ಏಳಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಹಾಗಾಗಿತ್ತು ನನ್ನ ಸ್ಥಿತಿ!

ಅಮ್ಮ ಹೇಳುತ್ತಿದ್ದ ಮಾತು ನೆನಪಾಯಿತು. 1965ರಲ್ಲಿ ದೇಶದಲ್ಲಿ ಆಹಾರಧಾನ್ಯದ ಅಭಾವವಿದ್ದಾಗ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಆದರೆ ಕೇಳುವ ಮೊದಲು ಪತ್ನಿ ಲಲಿತಾದೇವಿಯವರಿಗೆ ಹೇಳಿ, ತಮ್ಮ ಮನೆಯಲ್ಲೇ ಒಂದು ರಾತ್ರಿ ಅಡುಗೆ ನಿಲ್ಲಿಸಿ, ಮಕ್ಕಳು ಹಸಿವು ತಾಳುವರೇ ಎಂದು ನೋಡಿದ್ದರು. ಆಮೇಲೆ ಎಷ್ಟೋ ಮನೆಗಳವರು ಹಾಗೇ ನಡೆದರು. ಹೋಟೆಲುಗಳೂ ಸೋಮವಾರ ಸಂಜೆ ಬಾಗಿಲು ಹಾಕಿದವು.

ನಾನು ನಡೆದದ್ದನ್ನೆಲ್ಲ ಸಭೆಗೆ ಹೇಳಿ, ಮೊದಲು ನನ್ನ ದಂಡ ಇಟ್ಟೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, "ಡಬ್ಬಿ ನಿನ್ನ ಹತ್ತಿರವೇ ಇರಲಿ. ಬೀಗದಕೈ ಮಾತ್ರ ನನ್ನ ಹತ್ತಿರ ಇರಲಮ್ಮ" ಅಂದರು. ಮುಖ ಸಣ್ಣದಾಯಿತು, ನಿಜ. ಆದರೆ ಆ ಏರ್ಪಾಡು ಒಳ್ಳೆಯದೇ. ತಡಮಾಡಿದಾಕೆಯೂ ಗೊಣಗದೆ ತನ್ನ 10 ರೂಪಾಯಿ ಕೊಟ್ಟಳು.

ತಾಯಿಯಾಗಲಿ, ಅತ್ತೆಯಾಗಲಿ, ಸಂಘದ ಹಿರಿಯಳಾಗಲಿ, ಇನ್ನೊಬ್ಬರಿಗೆ ನಿಯಮ ಹೇಳುವ ಮೊದಲು ಅದು ನಮ್ಮ ಮನೆಯಲ್ಲಿ ನಡೆಯುತ್ತಿದೆಯೇ ನೋಡಿಕೊಳ್ಳೋಣ. ತಪ್ಪಿದ್ದರೆ ಒಪ್ಪಿಕೊಳ್ಳೋಣ. ಆಗ ಮಾತಿಗೆ ತೂಕ ತಾನೇ ಬರುತ್ತದೆ.